ಊರ ನಡುವೆ ಇನ್ನೂ ಎಷ್ಟು ಮನೆ?

ನಗರದ ನಡುಭಾಗದಲ್ಲಿ ಯಾವುದೋ ಹಳೆಯ ಗೋದಾಮು ಇರುತ್ತದೆ. ಇಲ್ಲವೇ ಎರಡು ಮಹಡಿಯ ಹಳೆಯ ಬಾಡಿಗೆ ಮನೆಗಳ ಸಾಲು. ಅಲ್ಲಿ ಮೂವತ್ತು ಮಹಡಿಯ ಅಪಾರ್ಟ್‌ಮೆಂಟ್ ಬರುತ್ತದೆ ಅಂತ ಒಂದು ದಿನ ಬೋರ್ಡ್ ಬೀಳುತ್ತದೆ. ಜಗಳ ಶುರು.

ಊರು ಯಾವುದೇ ಇರಲಿ, ಈ ಜಗಳದ ಮಾತುಗಳು ಬದಲಾಗುವುದಿಲ್ಲ. ‘ಇಲ್ಲಿ ಈಗಲೇ ಜನ ಜಾಸ್ತಿ, ಇನ್ನೂ ತುಂಬಿದರೆ ನೀರು, ರಸ್ತೆ ಎಲ್ಲಿಂದ ತರುತ್ತೀರಿ?’ ಅಂತ ಒಬ್ಬರು. ‘ಮನೆ ಸಾಲದೆ ಬಾಡಿಗೆ ಏರುತ್ತಿದೆ, ಕಟ್ಟದೆ ಇನ್ನೇನು ಮಾಡೋದು?’ ಅಂತ ಇನ್ನೊಬ್ಬರು. ‘ಎಷ್ಟೇ ಕಟ್ಟಿ, ಅದೆಲ್ಲ ದುಡ್ಡಿರುವವರಿಗೆ. ನಾವಂತೂ ಇಲ್ಲಿಂದ ಹೊರಡಬೇಕು’ ಅಂತ ಮೂರನೆಯವರು. ಮೊದಲ ಇಬ್ಬರ ದನಿ ಜೋರು. ಮೂರನೆಯವರು ಸಭೆಗೆ ಬರುವುದೇ ಕಡಿಮೆ. ಅವರು ಬಾಡಿಗೆದಾರರು, ಸಭೆ ನಡೆಯುವ ಹೊತ್ತಿಗೆ ಕೆಲಸದಲ್ಲಿರುತ್ತಾರೆ.

ನಾನು ಮನೆ ಕಟ್ಟಬೇಕು ಅನ್ನುವವರ ಕಡೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎಲ್ಲಿ ಕಟ್ಟಬೇಕು ಅನ್ನುವ ಪ್ರಶ್ನೆ ಬಂದಾಗ ನನಗೂ ಆ ಗುಂಪಿಗೂ ಸರಿಹೋಗುವುದಿಲ್ಲ. ಇಡೀ ನಗರ ಹೊರಬೇಕಾದ ಭಾರವನ್ನು ಡೌನ್‌ಟೌನ್, ಅಂದರೆ ಊರ ನಡುಭಾಗ, ಒಂದರ ತಲೆಗೆ ಕಟ್ಟುವುದು ತಪ್ಪು ಅಂತ ನನಗೆ ಅನ್ನಿಸುತ್ತದೆ. ಗೋಪುರಗಳು ಅಷ್ಟು ಎತ್ತರ ಆಗುವುದಕ್ಕೂ, ಅಷ್ಟು ದುಬಾರಿ ಆಗುವುದಕ್ಕೂ, ಬಡ ಬಾಡಿಗೆದಾರರ ಮನೆಗಳ ಮೇಲೇ ಬಂದು ನಿಲ್ಲುವುದಕ್ಕೂ ಕಾರಣ ಇದೇ.

ಮೊದಲು ಒಂದು ಸಣ್ಣ ಲೆಕ್ಕ. ಸಾವಿರ ಚದರ ಮೀಟರಿನ ಸೈಟು ಇದೆ ಅಂದುಕೊಳ್ಳಿ. ಎಫ್‌ಎಆರ್ (ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) 3 ಇದ್ದರೆ ಅಲ್ಲಿ ಒಟ್ಟು ಮೂರು ಸಾವಿರ ಚದರ ಮೀಟರ್ ಕಟ್ಟಬಹುದು. ಸೈಟು ಪೂರ್ತಿ ತುಂಬಿಸಿದರೆ ಮೂರೇ ಮಹಡಿ. ಅರ್ಧ ಜಾಗದಲ್ಲಿ ಕಟ್ಟಿದರೆ ಆರು. ಕಾಲು ಭಾಗದಲ್ಲಿ ಕಟ್ಟಿದರೆ ಹನ್ನೆರಡು. ಮನೆಗಳ ಸಂಖ್ಯೆ ಮೂರರಲ್ಲೂ ಹೆಚ್ಚುಕಮ್ಮಿ ಒಂದೇ. ಹನ್ನೆರಡು ಮಹಡಿ ನೋಡಿ ಬೆಚ್ಚಿಬೀಳುವವರು ಮೂರು ಮಹಡಿಯ ಸಾಲು ಮನೆಗಳನ್ನು ನೋಡಿ ‘ಎಷ್ಟು ಚೆಂದ’ ಅನ್ನುತ್ತಾರೆ. ಅಲ್ಲೂ ಅಷ್ಟೇ ಜನ ಇದ್ದಾರೆ.

ಪ್ಯಾರಿಸ್ ನೋಡಿ. ನಗರಸಭೆಯ ಗಡಿಯೊಳಗಿನ ಜಾಗ ಸುಮಾರು 105 ಚದರ ಕಿಲೋಮೀಟರ್, ಜನ ಸುಮಾರು 21 ಲಕ್ಷ. ಅಂದರೆ ಚದರ ಕಿಲೋಮೀಟರಿಗೆ 20,000 ಜನ. ಹೆಚ್ಚಿನ ಕಟ್ಟಡಗಳು ಆರು, ಏಳು ಮಹಡಿ ಅಷ್ಟೇ. ಗೋಪುರಗಳೇ ಇಲ್ಲದ ಬೀದಿಯಲ್ಲಿ ನಡೆದಾಡಿ ಬಂದವರಿಗೆ ತಾವು ಯೂರೋಪಿನ ತುಂಬ ದಟ್ಟವಾದ ಜಾಗಗಳಲ್ಲಿ ಒಂದನ್ನು ನೋಡಿದೆವು ಅನ್ನುವುದು ಗೊತ್ತೇ ಆಗುವುದಿಲ್ಲ. ಇನ್ನೊಂದು ಕಡೆ, ಸುತ್ತ ಬರೀ ಹುಲ್ಲು, ಪಾರ್ಕಿಂಗ್, ಅಗಲ ರಸ್ತೆ ಬಿಟ್ಟು ನಡುವೆ ಒಂದೊಂದೇ ಗೋಪುರ ನಿಲ್ಲಿಸಿದ ಬಡಾವಣೆಗಳಿವೆ. ದೂರದಿಂದ ಭಾರೀ ದಟ್ಟಣೆ ಇದ್ದಂತೆ ಕಾಣುತ್ತದೆ. ಎಕರೆ ಲೆಕ್ಕದಲ್ಲಿ ಎಣಿಸಿದರೆ ಜನ ಕಡಿಮೆ.

ಎತ್ತರ ಬೇರೆ, ದಟ್ಟಣೆ ಬೇರೆ. ಇಕ್ಕಟ್ಟು ಇವೆರಡಕ್ಕೂ ಬೇರೆ. ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪ. 1910ರಲ್ಲಿ ಅಲ್ಲಿ 23 ಲಕ್ಷ ಜನ ಇದ್ದರು. 2020ರ ಜನಗಣತಿಯಲ್ಲಿ 17 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ನಡುವಿನ ನೂರಹತ್ತು ವರ್ಷಗಳಲ್ಲಿ ಆ ದ್ವೀಪದಲ್ಲಿ ಎಷ್ಟು ಕಟ್ಟಡ ಎದ್ದವು ಅಂತ ಯೋಚಿಸಿ. ಕಟ್ಟಡ ಬೆಳೆದವು, ಜನ ಕಡಿಮೆಯಾದರು. 1910ರಲ್ಲಿ ಅಲ್ಲಿನ ಲೋಯರ್ ಈಸ್ಟ್ ಸೈಡ್ ಬಡಾವಣೆಯಲ್ಲಿ ಐದಾರು ಮಹಡಿಯ ಕಟ್ಟಡದ ಎರಡು ಮೂರು ಕೋಣೆಗಳಲ್ಲಿ ಒಂದು ಇಡೀ ಕುಟುಂಬ ಇರುತ್ತಿತ್ತು. ಬಾಡಿಗೆ ಹೊಂದಿಸಲು ಅದರ ಮೇಲೆ ಒಬ್ಬಿಬ್ಬರು ಹೊರಗಿನವರನ್ನೂ ಮಲಗಿಸಿಕೊಳ್ಳುತ್ತಿದ್ದರು. ಅದು ಇಕ್ಕಟ್ಟು. ಒಂದು ಕೋಣೆಗೆ ಎಷ್ಟು ಜನ ಅನ್ನುವುದರ ಲೆಕ್ಕ ಅದು. ಒಂದು ಎಕರೆಗೆ ಎಷ್ಟು ಮನೆ ಅನ್ನುವುದು ಬೇರೆಯೇ ಲೆಕ್ಕ. ಮನೆಗಳು ಜಾಸ್ತಿ ಆದಷ್ಟೂ ಇಕ್ಕಟ್ಟು ಕಡಿಮೆ ಆಗುತ್ತದೆ. ‘ಇಲ್ಲಿ ಈಗಲೇ ಜನ ತುಂಬಿದ್ದಾರೆ, ಮನೆ ಬೇಡ’ ಅನ್ನುವ ವಾದ ಇದನ್ನು ತಲೆಕೆಳಗು ಮಾಡುತ್ತದೆ.

ಪ್ಯಾರಿಸ್ಸಿನದೂ ಇದೇ ಕಥೆ. 1921ರಲ್ಲಿ ಅಲ್ಲಿ 29 ಲಕ್ಷ ಜನ ಇದ್ದರು. ಈಗ 21 ಲಕ್ಷ. ಊರೇನೂ ಹಾಳಾಗಲಿಲ್ಲ. ಒಂದು ಮನೆಯಲ್ಲಿ ಇರುವವರ ಸಂಖ್ಯೆ ಕಡಿಮೆಯಾಯಿತು. ಎರಡು ಸಣ್ಣ ಮನೆ ಸೇರಿಸಿ ಒಂದು ಮಾಡಿಕೊಂಡರು. ಕೆಲವು ಮನೆಗಳು ಆಫೀಸಾದವು, ಇನ್ನು ಕೆಲವು ವರ್ಷಕ್ಕೆ ನಾಲ್ಕು ವಾರ ಬರುವವರ ಪಾಲಾದವು.

ಮನೆಯ ಬೇಡಿಕೆ ಅಂದ ಕೂಡಲೇ ಎಲ್ಲರೂ ಹೊರಗಿನಿಂದ ಬರುವ ವಲಸಿಗರನ್ನು ನೆನೆಯುತ್ತಾರೆ. ಒಳಗೇ ಹುಟ್ಟುವ ಬೇಡಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸಾವಿರ ಮನೆಯ ಬಡಾವಣೆಯಲ್ಲಿ ಮನೆಗೆ ನಾಲ್ವರಂತೆ ನಾಲ್ಕು ಸಾವಿರ ಜನ ಇದ್ದರು. ಮಕ್ಕಳು ದೊಡ್ಡವರಾಗಿ ಬೇರೆ ಹೋದರು, ಅಜ್ಜಿ ಒಬ್ಬರೇ ಉಳಿದರು, ಗಂಡ ಹೆಂಡತಿ ಬೇರೆಯಾದರು, ಕೆಲವರು ಮದುವೆಯೇ ಆಗಲಿಲ್ಲ. ಮನೆಗೆ ಸರಾಸರಿ ಇಬ್ಬರಾದರೆ ಅದೇ ನಾಲ್ಕು ಸಾವಿರ ಜನಕ್ಕೆ ಎರಡು ಸಾವಿರ ಮನೆ ಬೇಕು. ಹೊರಗಿನವರು ಒಬ್ಬರೂ ಬಂದಿಲ್ಲ, ಆದರೂ ಬೇಡಿಕೆ ಎರಡು ಪಟ್ಟು. ‘ನಮ್ಮ ಬೀದಿ ಇದ್ದ ಹಾಗೇ ಇರಲಿ’ ಅಂದರೆ ಬೀದಿ ಇದ್ದ ಹಾಗೆ ಇರುವುದಿಲ್ಲ. ಅರ್ಧ ಜನ ಹೊರಡಬೇಕಾಗುತ್ತದೆ. ಹೊರಡುವವರು ಯಾರು ಅಂತ ತೀರ್ಮಾನ ಮಾಡುವುದು ಬಾಡಿಗೆ.

ಹಾಗಂತ ಬೇಡಿಕೆ ಎಲ್ಲ ಕಡೆಯೂ ತಾನಾಗೇ ಇರುತ್ತದೆ ಅಂತಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಪ್ರೂಯಿಟ್-ಐಗೋ ಅಂತ ಒಂದು ವಸತಿ ಸಮುಚ್ಚಯ ಇತ್ತು. ಹನ್ನೊಂದು ಮಹಡಿಯ 33 ಕಟ್ಟಡ. 1950ರ ದಶಕದ ನಡುವಿನಲ್ಲಿ ಕಟ್ಟಿ ಮುಗಿಸಿದರು, 1972ರಲ್ಲಿ ಒಡೆಯಲು ಶುರು ಮಾಡಿದರು. ಡೈನಮೈಟ್ ಇಟ್ಟು ಉರುಳಿಸಿದ ಆ ಚಿತ್ರ ತೋರಿಸಿ ‘ಎತ್ತರದ ಕಟ್ಟಡದಲ್ಲಿ ಬಡವರನ್ನು ಇಟ್ಟರೆ ಹೀಗೇ ಆಗೋದು’ ಅನ್ನುವವರು ಇಂದಿಗೂ ಇದ್ದಾರೆ. ಆದರೆ ಆ ನಗರದ ಜನಸಂಖ್ಯೆ ನೋಡಿ. 1950ರಲ್ಲಿ 8.57 ಲಕ್ಷ. 1970ರಲ್ಲಿ 6.22 ಲಕ್ಷ. ನಗರ ಬೆಳೆಯುತ್ತದೆ ಅಂತ ನಂಬಿ ಕಟ್ಟಿದರು, ಜನ ಉಪನಗರಗಳಿಗೆ ಹೋದರು. ಮನೆಗಳು ಖಾಲಿ ಬಿದ್ದವು, ಬಾಡಿಗೆಯಿಂದಲೇ ರಿಪೇರಿ ಖರ್ಚು ನಡೆಯಬೇಕಿತ್ತು, ಬಾಡಿಗೆ ಬರಲಿಲ್ಲ, ಲಿಫ್ಟು ಕೆಟ್ಟಿತು. ಲಿಫ್ಟು ಕೆಟ್ಟಮೇಲೆ ಉಳಿದವರೂ ಹೊರಟರು. ಎತ್ತರದ್ದು ತಪ್ಪೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಜನ ಬಿಟ್ಟುಹೋಗುತ್ತಿರುವ ಊರಿಗೂ, ಜನ ಬಾಗಿಲು ತಟ್ಟುತ್ತಿರುವ ಊರಿಗೂ ಒಂದೇ ಪಾಠ ಹೇಳುವುದು ಸರಿಯಲ್ಲ, ಅಲ್ವಾ?

ನೀರಿನ ಮಾತಿಗೆ ಬರೋಣ. ನಡುಭಾಗದ ಹಳೆಯ ಒಳಚರಂಡಿ ಕೊಳವೆಗಳು ಸಣ್ಣವು, ಅದು ನಿಜ. ಹೊಸ ಕಟ್ಟಡ ಬಂದರೆ ಅವನ್ನು ಬದಲಿಸಬೇಕು, ಅದರ ಖರ್ಚಿನಲ್ಲಿ ಬಿಲ್ಡರ್ ಪಾಲು ಕೊಡಬೇಕು. ಇದಕ್ಕೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಮನೆ ಸಿಗದವರು ಆವಿಯಾಗಿ ಹೋಗುವುದಿಲ್ಲ. ನಗರದ ಅಂಚಿಗೆ ಹೋಗಿ ಅಷ್ಟೇ ನೀರು ಕುಡಿಯುತ್ತಾರೆ. ಅಲ್ಲಿಗೆ ಹೊಸ ಕೊಳವೆ, ಹೊಸ ರಸ್ತೆ, ಹೊಸ ಬಸ್ಸು ಎಲ್ಲ ಬೇಕು. ದಿನಾ ಬೆಳಿಗ್ಗೆ ವಾಹನ ಹತ್ತಿ ಇದೇ ನಡುಭಾಗದ ಕೆಲಸಕ್ಕೆ ಬರುತ್ತಾರೆ. ಬಸ್ಸು ಹತ್ತಿದ ಮೇಲೆ ಬಾಗಿಲಲ್ಲಿ ನಿಂತು ‘ಒಳಗೆ ಜಾಗ ಇಲ್ಲ’ ಅನ್ನುವವರ ಹಾಗೆ, ಮೊದಲೇ ಮನೆ ಮಾಡಿಕೊಂಡವರು ಈ ವಾದ ಮಾಡುವುದು ಸುಲಭ.

(ಪಾರ್ಕಿಂಗ್ ಬಗ್ಗೆ ಒಂದು ಮಾತು, ಬ್ರ್ಯಾಕೆಟ್ಟಿನಲ್ಲೇ ಇರಲಿ. ಕಾರು ನಿಲ್ಲಿಸುವ ಜಾಗ, ಅದು ತಿರುಗಿ ಬರುವ ದಾರಿ ಎಲ್ಲ ಸೇರಿ ಒಂದು ಕಾರಿಗೆ ಸುಮಾರು 300 ಚದರಡಿ ಬೇಕು. ಅದು ಒಬ್ಬರು ಇರಬಹುದಾದ ಒಂದು ಸಣ್ಣ ಮನೆ. ರೈಲು, ಬಸ್ಸು ಎಲ್ಲ ಕಾಲಳತೆಯಲ್ಲಿರುವ ನಡುಭಾಗದಲ್ಲೂ ಮನೆಗೆ ಇಷ್ಟು ಕಾರಿನ ಜಾಗ ಕಡ್ಡಾಯ ಅನ್ನುವ ನಿಯಮ ಇಟ್ಟುಕೊಂಡು, ಆಮೇಲೆ ‘ಟ್ರಾಫಿಕ್ ಜಾಸ್ತಿಯಾಗುತ್ತೆ’ ಅಂತ ಕಟ್ಟಡವನ್ನೇ ವಿರೋಧಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.)

ಈಗ ನನ್ನ ಕಡೆಯವರಿಗೆ ಕಷ್ಟವಾಗುವ ಪ್ರಶ್ನೆ. ವ್ಯಾಂಕೋವರ್.

ಕೆನಡಾದ ಈ ನಗರ ತನ್ನ ಡೌನ್‌ಟೌನ್‌ಗೆ ಜನರನ್ನು ತಂದು ತುಂಬಿದ ಬಗೆಯನ್ನು ಜಗತ್ತಿನ ಯೋಜಕರೆಲ್ಲ ಹೋಗಿ ನೋಡಿ ಬಂದರು. 1986ರ ಎಕ್ಸ್‌ಪೋ ಅನ್ನುವ ವಿಶ್ವ ವಸ್ತುಪ್ರದರ್ಶನ ನಡೆದ ಹಳೆಯ ರೈಲ್ವೆ ಯಾರ್ಡಿನ ಜಾಗವನ್ನು 1988ರಲ್ಲಿ ಹಾಂಗ್‌ಕಾಂಗ್ ಉದ್ಯಮಿ ಲೀ ಕಾ-ಶಿಂಗ್ ಕಂಪನಿಗೆ ಮಾರಿದರು. 1991ರ ಯೋಜನೆಯಲ್ಲಿ ನಡುಭಾಗದ ಎಷ್ಟೋ ಜಾಗದಲ್ಲಿ ಆಫೀಸಿನ ಬದಲು ಮನೆಗೆ ಅವಕಾಶ ಕೊಟ್ಟರು. ಕೆಳಗೆ ಬೀದಿಗೆ ಮುಖ ಮಾಡಿದ ಅಂಗಡಿ, ಸಾಲು ಮನೆ. ಮೇಲೆ ತೆಳ್ಳಗಿನ ಗೋಪುರ. ಬೆಟ್ಟದ ನೋಟ ಮುಚ್ಚಿಹೋಗದಂತೆ ನಡುವೆ ಅಂತರ. ಒಂದೂವರೆ ಎರಡು ದಶಕದಲ್ಲಿ ಡೌನ್‌ಟೌನ್ ಜನಸಂಖ್ಯೆ ಹೆಚ್ಚುಕಮ್ಮಿ ಎರಡು ಪಟ್ಟಾಯಿತು. ನಡೆದು ಕೆಲಸಕ್ಕೆ ಹೋಗುವವರು ಹೆಚ್ಚಿದರು. ಎಲ್ಲ ಚೆಂದವೇ. ಆದರೆ ಮನೆ ಬೆಲೆ? ಜಗತ್ತಿನ ಅತಿ ದುಬಾರಿ ಊರುಗಳ ಪಟ್ಟಿಯಲ್ಲಿ ಅದೂ ಸೇರಿತು. ‘ಇಷ್ಟೆಲ್ಲ ಕಟ್ಟಿದರು, ಏನಾಯ್ತು?’ ಅಂತ ವಿರೋಧಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ವಿಮಾನದಿಂದ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ನೀರಿನ ಅಂಚಿಗೆ ಗೋಪುರಗಳ ಒಂದು ಗುಚ್ಛ. ಅದರ ಆಚೆ ಮೈಲುಗಟ್ಟಲೆ ಹಸಿರು ಲಾನು, ಒಂಟಿ ಮನೆ. ನಗರದ ಅರ್ಧದಷ್ಟು ಜಾಗ ದಶಕಗಳ ಕಾಲ ಒಂಟಿ ಮನೆಗಳಿಗೇ ಮೀಸಲಾಗಿತ್ತು. ಸಡಿಲಿಕೆಗಳು ಬಂದದ್ದು ತಡವಾಗಿ, ಅದೂ ಚೂರುಚೂರಾಗಿ. ಇಡೀ ನಗರದ ಬೇಡಿಕೆಯನ್ನು ಒಂದು ಸಣ್ಣ ಮೂಲೆಗೆ, ರೈಲು ನಿಲ್ದಾಣದ ಸುತ್ತಲಿನ ಒಂದಷ್ಟು ಜಾಗಕ್ಕೆ ನೂಕಿದ್ದರು. ಬೇರೆ ಕಾರಣಗಳೂ ಇವೆ. ಹೂಡಿಕೆಗೆಂದೇ ಕೊಂಡು ಬೀಗ ಹಾಕಿದ ಫ್ಲ್ಯಾಟುಗಳ ಕಾಟಕ್ಕೆ ನಗರಸಭೆ 2017ರಲ್ಲಿ ಖಾಲಿ ಮನೆ ತೆರಿಗೆ ಹಾಕಬೇಕಾಯಿತು. ಆದರೂ ನನ್ನ ಬೆರಳು ಮೊದಲು ಹೋಗುವುದು ಆ ಲಾನುಗಳ ಕಡೆಗೆ.

ಹೇಗೆ ಅಂತ ಬಿಡಿಸಿ ಹೇಳುತ್ತೇನೆ. ನಲವತ್ತು ಮಹಡಿ ಕಟ್ಟಲು ಇಡೀ ನಗರದಲ್ಲಿ ಐವತ್ತೇ ಸೈಟಿಗೆ ಅನುಮತಿ ಇದೆ ಅಂದುಕೊಳ್ಳಿ. ಆ ಐವತ್ತು ಸೈಟಿನ ಓನರುಗಳಿಗೆ ಅದು ಗೊತ್ತು. ಒಂದು ಇಟ್ಟಿಗೆ ಇಡುವ ಮೊದಲೇ, ಮೇಲೆ ಬರುವ ನಲವತ್ತು ಮಹಡಿಯ ಲಾಭ ಜಾಗದ ಬೆಲೆಯೊಳಗೆ ಸೇರಿಬಿಡುತ್ತದೆ. ಬಿಲ್ಡರ್ ಅದನ್ನು ಕೊಟ್ಟೇ ಕೊಳ್ಳಬೇಕು. ಅದರ ಮೇಲೆ ಗೋಪುರದ ಖರ್ಚು. ಎತ್ತರ ಹೋದಷ್ಟೂ ಚದರಡಿಗೆ ಖರ್ಚು ಏರುತ್ತದೆ. ಲಿಫ್ಟುಗಳು ಹೆಚ್ಚು, ಬೆಂಕಿಗೆ ಪ್ರತ್ಯೇಕ ಮೆಟ್ಟಿಲು, ನೀರು ಏರಿಸಲು ಪಂಪು, ದಪ್ಪ ಕಂಬ, ಆಳದ ಅಡಿಪಾಯ. ಪ್ರತಿ ಮಹಡಿಯಲ್ಲೂ ಒಂದಷ್ಟು ಜಾಗವನ್ನು ಇವೇ ತಿನ್ನುತ್ತವೆ. ಎಲ್ಲ ಮುಗಿಯುವವರೆಗೆ ಒಂದು ಮನೆಯೂ ಕೈಗೆ ಸಿಗುವುದಿಲ್ಲ, ಅಷ್ಟು ವರ್ಷ ಸಾಲದ ಬಡ್ಡಿ ಓಡುತ್ತಿರುತ್ತದೆ. ಬ್ಯಾಂಕು ಸಾಲ ಕೊಡಬೇಕಾದರೆ ಮೊದಲೇ ಇಷ್ಟು ಮನೆ ಮಾರಾಟವಾಗಿರಬೇಕು ಅನ್ನುತ್ತದೆ. ನಾಲ್ಕು ವರ್ಷ ಆದಮೇಲೆ ಸಿಗುವ ಮನೆಗೆ ಇಂದು ದುಡ್ಡು ಕಟ್ಟುವವರು ಯಾರು? ಅಲ್ಲಿ ವಾಸ ಮಾಡಬೇಕಾದವರಿಗಿಂತ ಹೂಡಿಕೆದಾರರೇ ಜಾಸ್ತಿ. ಇಂಥ ಕಟ್ಟಡದಲ್ಲಿ ಮನೆ ಅಗ್ಗವಾಗಿ ಸಿಗಲಿ ಅಂತ ಬಯಸುವುದು ಸುಮ್ನೆ.

ಎಲ್ಲ ಸೈಟಿನಲ್ಲೂ ಮೂರು ನಾಲ್ಕು ಮಹಡಿ ಕಟ್ಟಬಹುದು ಅಂದರೆ ಆಟ ಬದಲಾಗುತ್ತದೆ. ಒಬ್ಬ ಓನರು ಜಾಸ್ತಿ ಕೇಳಿದರೆ ಪಕ್ಕದ ಬೀದಿಗೆ ಹೋದರಾಯಿತು. ಸಣ್ಣ ಮೇಸ್ತ್ರಿಗಳೂ ಕಟ್ಟಬಲ್ಲ ಕಟ್ಟಡ ಅದು. ವರ್ಷದೊಳಗೆ ಮುಗಿಯುತ್ತದೆ.

ಇದು ಬರೀ ಊಹೆಯಲ್ಲ. ನ್ಯೂಜಿಲೆಂಡಿನ ಆಕ್‌ಲೆಂಡ್ 2016ರಲ್ಲಿ ತನ್ನ ವಸತಿ ಜಾಗದ ಸುಮಾರು ಮುಕ್ಕಾಲು ಭಾಗದಲ್ಲಿ ಮೊದಲಿಗಿಂತ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟಿತು. ಆ ವರ್ಷ ನಗರದಲ್ಲಿ ಸುಮಾರು 10,000 ಹೊಸ ಮನೆಗಳಿಗೆ ಅನುಮತಿ ಸಿಕ್ಕಿತ್ತು. 2022ರಲ್ಲಿ ಆ ಸಂಖ್ಯೆ 21,000 ದಾಟಿತು. ಅದರಲ್ಲಿ ಹೆಚ್ಚಿನವು ಗೋಪುರಗಳಲ್ಲ. ಒಂದು ಹಳೆಯ ಮನೆ ಇದ್ದ ಸೈಟಿನಲ್ಲಿ ಎರಡು ಮೂರು ಮಹಡಿಯ ನಾಲ್ಕೈದು ಸಾಲು ಮನೆ. ಫೋಟೋ ತೆಗೆದು ಹಾಕಿದರೆ ಯಾರೂ ತಿರುಗಿ ನೋಡದಂಥ ಕಟ್ಟಡಗಳು. ಮನೆ ಕೊಳ್ಳುವುದು ಅಲ್ಲಿ ಸುಲಭವೇನೂ ಆಗಿಲ್ಲ. ಆದರೆ ಮನೆಗಳ ಸಂಖ್ಯೆ ನಿಜವಾಗಿ ಏರಿತು. ಅದಕ್ಕಾಗಿ ನಗರದ ಯಾವುದೋ ಒಂದು ಮೂಲೆಯನ್ನು ಪೂರ್ತಿ ಅಗೆದುಹಾಕಬೇಕಾಗಲಿಲ್ಲ.

ಡೌನ್‌ಟೌನ್‌ನಲ್ಲಿ ಗೋಪುರ ಬೇಡ ಅಂತ ಹೇಳುತ್ತಿಲ್ಲ. ಖಾಲಿ ಪಾರ್ಕಿಂಗ್ ಲಾಟು, ಮುಚ್ಚಿದ ಕಾರ್ಖಾನೆ, ರೈಲ್ವೆ ಯಾರ್ಡು ಇದ್ದರೆ ಧಾರಾಳವಾಗಿ ಕಟ್ಟಲಿ. ಅಲ್ಲಿ ಯಾರ ಮನೆಯೂ ಹೋಗುವುದಿಲ್ಲ. ಖಾಲಿ ಬಿದ್ದ ಆಫೀಸುಗಳನ್ನು ಮನೆ ಮಾಡಿದರೆ ಇನ್ನೂ ಒಳ್ಳೆಯದು. ಕೆನಡಾದ ಕ್ಯಾಲ್ಗರಿ 2021ರಿಂದ ಹಾಗೆ ಬದಲಿಸುವವರಿಗೆ ಚದರಡಿಗೆ 75 ಡಾಲರ್ ನೆರವು ಕೊಡಲು ಶುರು ಮಾಡಿತು. ಎಲ್ಲ ಆಫೀಸುಗಳೂ ಇದಕ್ಕೆ ಒಗ್ಗುವುದಿಲ್ಲ. ಅಗಲವಾದ ಕಟ್ಟಡದ ನಟ್ಟನಡುವೆ ಕಿಟಕಿ ಎಲ್ಲಿಡುತ್ತೀರಿ?

ನನಗೆ ಕೊರೆಯುವುದು ‘ನಾವಂತೂ ಇಲ್ಲಿಂದ ಹೊರಡಬೇಕು’ ಅಂದ ಆ ಮೂರನೆಯವರ, ಬಾಡಿಗೆದಾರರ ಮಾತು.

ಅರ್ಥಶಾಸ್ತ್ರಜ್ಞರು ಇದಕ್ಕೆ ಒಂದು ಉತ್ತರ ಕೊಡುತ್ತಾರೆ. ದುಬಾರಿ ಮನೆಗೆ ಹೋಗುವವರು ಎಲ್ಲೋ ಒಂದು ಮನೆ ಖಾಲಿ ಮಾಡುತ್ತಾರೆ. ಅಲ್ಲಿಗೆ ಬರುವವರು ಇನ್ನೊಂದನ್ನು ಖಾಲಿ ಮಾಡುತ್ತಾರೆ. ಹೀಗೆ ಕೆಳಗಿನವರೆಗೂ ಜಾಗ ಆಗುತ್ತದೆ. ಹೆಲ್ಸಿಂಕಿಯಲ್ಲಿ ಜನಸಂಖ್ಯೆ ದಾಖಲೆಗಳನ್ನು ಇಟ್ಟುಕೊಂಡು ಇದನ್ನು ಅಳೆದು ನೋಡಿದ್ದಾರೆ. ನಗರದ ನಡುಭಾಗದಲ್ಲಿ ಮಾರುಕಟ್ಟೆ ಬೆಲೆಯ ನೂರು ಹೊಸ ಮನೆ ಬಂದರೆ, ಆದಾಯದಲ್ಲಿ ಕೆಳಗಿನ ಅರ್ಧಕ್ಕೆ ಸೇರುವ ಬಡಾವಣೆಗಳಲ್ಲಿ ಸುಮಾರು 60 ಮನೆ ಖಾಲಿಯಾಗುತ್ತವೆ. ಇದನ್ನು ನಾನು ನಂಬುತ್ತೇನೆ. ಆದರೆ ಖಾಲಿಯಾಗುವ ಆ 60 ಮನೆ ನಗರದ ತುಂಬ ಚದುರಿರುತ್ತವೆ. ಒಡೆಯುವ ಮನೆ ಮಾತ್ರ ಇದೇ ಬೀದಿಯಲ್ಲಿ, ಮುಂದಿನ ತಿಂಗಳು. ಹತ್ತಿರದ ಶಾಲೆಗೆ ಹೋಗುವ ಮಗು ಇರುವವರಿಗೆ ‘ನಗರದ ಸರಾಸರಿ ಬಾಡಿಗೆ ಮುಂದೆ ಇಳಿಯುತ್ತದೆ’ ಅನ್ನುವ ಸಮಾಧಾನ ಯಾವ ಕೆಲಸಕ್ಕೂ ಬರುವುದಿಲ್ಲ.

ಹೀಗೆ ಎಬ್ಬಿಸಿದ ಹಳೆಯ ಕಥೆಗಳೂ ಜನರ ನೆನಪಿನಲ್ಲಿವೆ. ಬಾಸ್ಟನ್ನಿನ ವೆಸ್ಟ್ ಎಂಡ್ ಅನ್ನು ಕೊಳಚೆ ಪ್ರದೇಶ ಅಂತ ಘೋಷಿಸಿ, 1958ರಿಂದ 1960ರ ನಡುವೆ ನೆಲಸಮ ಮಾಡಿದರು. ಎರಡೂವರೆ ಸಾವಿರಕ್ಕೂ ಹೆಚ್ಚು ಕುಟುಂಬಗಳು ಹೋದವು. ಅಲ್ಲಿ ಬಂದದ್ದು ಅವರಿಗೆ ಎಟುಕದ ಬಾಡಿಗೆಯ ಗೋಪುರಗಳು. ನಗರ ನವೀಕರಣ ಅಂದರೆ ಇಂದಿಗೂ ಜನ ಅನುಮಾನದಿಂದ ನೋಡುತ್ತಾರೆ ಅಂದರೆ ಅವರ ತಪ್ಪಿಲ್ಲ.

ಬೇರೆ ದಾರಿ ಇದೆ. ಸಿಂಗಪುರ 1995ರಿಂದ ಕೆಲವು ಹಳೆಯ ಸರಕಾರಿ ವಸತಿ ಕಟ್ಟಡಗಳನ್ನು ಒಡೆಯುವಾಗ, ಹತ್ತಿರದಲ್ಲೇ ಹೊಸ ಮನೆ ಕಟ್ಟಿ, 99 ವರ್ಷದ ಹೊಸ ಲೀಸ್ ಕೊಟ್ಟು ಜನರನ್ನು ಅಲ್ಲಿಗೆ ಕಳಿಸಿತು. ಆದರೆ ಅವರು ಮನೆಗಳ ಒಡೆಯರು. ಜಾಗವೂ ಸರಕಾರದ್ದೇ. ಖಾಸಗಿ ಓನರ್ ಇರುವ ಕಡೆ, ಬಾಡಿಗೆದಾರರಿಗೆ ಇದನ್ನು ಮಾಡುವುದು ಕಷ್ಟ.

ಅದನ್ನು ಮಾಡಲು ಹೊರಟದ್ದು ವ್ಯಾಂಕೋವರ್ ಪಕ್ಕದ ಬರ್ನಬಿ. ಅಲ್ಲಿನ ಮೆಟ್ರೋಟೌನ್ ಬಡಾವಣೆಯಲ್ಲಿ ಸ್ಕೈಟ್ರೇನ್ (ಅಲ್ಲಿನ ಮೆಟ್ರೋ ರೈಲು) ನಿಲ್ದಾಣದ ಸುತ್ತ 1960, 70ರ ದಶಕದ ಮೂರು ಮಹಡಿಯ ಬಾಡಿಗೆ ಕಟ್ಟಡಗಳಿದ್ದವು. ಕಡಿಮೆ ಬಾಡಿಗೆ, ಲಿಫ್ಟಿಲ್ಲ, ಆದರೂ ಜನಕ್ಕೆ ಅನುಕೂಲವಾಗಿತ್ತು. ಒಂಟಿ ಮನೆಗಳ ಬೀದಿಗಳನ್ನು ಮುಟ್ಟದೆ, ಬೆಳವಣಿಗೆಯನ್ನೆಲ್ಲ ನಿಲ್ದಾಣದ ಸುತ್ತ ತಂದಾಗ ಒಡೆದದ್ದು ಈ ಬಾಡಿಗೆ ಮನೆಗಳನ್ನೇ. ಪ್ರತಿಭಟನೆಗಳಾದವು, ಅದೇ ವಿಷಯ ಚುನಾವಣೆಯ ಮಾತಾಯಿತು. 2020ರಲ್ಲಿ ನಗರಸಭೆ ನಿಯಮ ಬಿಗಿ ಮಾಡಿತು. ಒಡೆಯುವ ಪ್ರತಿ ಬಾಡಿಗೆ ಮನೆಗೆ ಬದಲಾಗಿ ಒಂದು ಬಾಡಿಗೆ ಮನೆ ಕಟ್ಟಬೇಕು. ಹೊರಹೋದವರಿಗೆ ಮಧ್ಯದ ವರ್ಷಗಳಲ್ಲಿ ಹೊಸ ಬಾಡಿಗೆಗೂ ಹಳೆಯ ಬಾಡಿಗೆಗೂ ಇರುವ ವ್ಯತ್ಯಾಸ ತುಂಬಿಕೊಡಬೇಕು. ಸಾಗಾಟದ ಖರ್ಚು ಕೊಡಬೇಕು. ಕಟ್ಟಡ ಮುಗಿದ ಮೇಲೆ ಹೆಚ್ಚುಕಮ್ಮಿ ಹಳೆಯ ಬಾಡಿಗೆಗೇ ವಾಪಸ್ ಬರುವ ಹಕ್ಕು ಅವರದು.

ಇದರ ದುಡ್ಡು ಎಲ್ಲಿಂದ ಬರುತ್ತದೆ? ಬಿಲ್ಡರಿಗೆ ಕೊಡುವ ಹೆಚ್ಚುವರಿ ಮಹಡಿಗಳಿಂದ. ಮೇಲಿನ ಫ್ಲ್ಯಾಟು ಮಾರಿದ ದುಡ್ಡು ಕೆಳಗಿನ ಹಳೆಯ ಬಾಡಿಗೆದಾರರ ಮನೆಗೆ ಹೋಗುತ್ತದೆ. ಹಾಗಾಗಿ ಗೋಪುರ ಬೇಡ ಅನ್ನುವವರೂ, ಬಾಡಿಗೆದಾರರನ್ನು ಓಡಿಸಬೇಡಿ ಅನ್ನುವವರೂ ಒಂದೇ ಕಡೆ ಕೂತಿದ್ದರೆ, ಅವರಲ್ಲಿ ಒಬ್ಬರು ಜಾಗ ಬದಲಿಸಬೇಕಾಗುತ್ತದೆ. ಫ್ಲ್ಯಾಟುಗಳು ಚೆನ್ನಾಗಿ ಮಾರಾಟವಾಗುವವರೆಗೆ ಈ ಲೆಕ್ಕ ನಡೆಯುತ್ತದೆ. ಬಡ್ಡಿ ಏರಿ ಕೊಳ್ಳುವವರು ಹಿಂದೆ ಸರಿದರೆ ಕೆಲಸ ನಿಲ್ಲುತ್ತದೆ, ವಾಪಸ್ ಬರಬೇಕಾದವರು ಕಾಯುತ್ತಾ ಉಳಿಯುತ್ತಾರೆ.

ವ್ಯಾಂಕೋವರ್, ಬರ್ನಬಿ ಎರಡೂ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2023ರ ಕೊನೆಯಲ್ಲಿ ಒಂದು ಕಾನೂನು ತಂದಿತು. ಹೆಚ್ಚಿನ ಊರುಗಳಲ್ಲಿ ಒಂಟಿ ಮನೆಯ ಸೈಟಿನಲ್ಲೂ ಮೂರು ನಾಲ್ಕು ಮನೆ, ಬಸ್ಸು ಮೇಲಿಂದ ಮೇಲೆ ಬರುವ ರಸ್ತೆಯ ಹತ್ತಿರ ಆರರವರೆಗೆ ಕಟ್ಟಲು ಬಿಡಲೇಬೇಕು ಅಂತ. ಇದು ಮೆಟ್ರೋಟೌನಿನ ಮೂರು ಮಹಡಿ ಕಟ್ಟಡಗಳು ಬೀಳುವ ಮೊದಲೇ ಬಂದಿದ್ದರೆ ಅವುಗಳಲ್ಲಿ ಎಷ್ಟು ಉಳಿಯುತ್ತಿದ್ದವು ಅಂತ ನಾನು ಆಗಾಗ ಯೋಚಿಸುತ್ತೇನೆ. ಎಲ್ಲವೂ ಉಳಿಯುತ್ತಿರಲಿಲ್ಲ, ನಿಲ್ದಾಣದ ಪಕ್ಕದ ಜಾಗಕ್ಕೆ ಯಾವಾಗಲೂ ಬೇಡಿಕೆ ಇದ್ದೇ ಇರುತ್ತದೆ. ಆದರೆ ನಾಲ್ಕು ಬೀದಿ ಆಚೆ, ದೊಡ್ಡ ಲಾನಿನ ಒಂಟಿ ಮನೆಗಳಲ್ಲಿ ಇರುವವರೂ ಆಗ ಈ ಜಗಳದೊಳಗೆ ಬರಬೇಕಾಗುತ್ತಿತ್ತು.